ಗಡಿ ದಾಟುವ ಗಾಳ: ಕೊಡಗಿನ ಹೊಳೆಗಳಲ್ಲಿ ಅಕ್ರಮ ಮೀನುಗಾರಿಕೆ, ಪದೇ ಪದೇ ಕೇಳುವ ಪ್ರಶ್ನೆಗಳು

ತೋಟದ ಮಾಲೀಕರು, ಹೋಂಸ್ಟೇ ನಡೆಸುವವರು, ಹವ್ಯಾಸಿ ಗಾಳಗಾರರು, ಅರಣ್ಯ ಇಲಾಖೆಯ ವಾಚರ್‌ಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ. ಸುಲಭದ ಪ್ರಶ್ನೆಗಳು ಮೊದಲು, ಠಾಣೆ ಮತ್ತು ಕೋರ್ಟಿನ ಪ್ರಶ್ನೆಗಳು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಯೊಂದನ್ನೇ ಓದಿಕೊಂಡರೂ ಸಾಕು.

## ಮೊದಲು ತಿಳಿಯಬೇಕಾದ್ದು

ಹೊಳೆ ನಮ್ಮ ತೋಟದ ಅಂಚಿನಲ್ಲೇ ಹರಿಯುತ್ತೆ. ಮೀನು ಹಿಡಿಯೋಕೆ ಯಾರ ಅಪ್ಪಣೆ ಬೇಕು?

ದಡ ನಿಮ್ಮದಿರಬಹುದು, ಹೊಳೆ ನಿಮ್ಮದಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ನದಿ, ಹೊಳೆ, ಹಳ್ಳ ಮತ್ತು ಅವುಗಳ ತಳ ಸರ್ಕಾರದ ಸ್ವತ್ತು. ಜಮ್ಮಾ, ಬಾಣೆ (ಕೊಡಗಿನ ಹಳೆಯ ಹಿಡುವಳಿಯ ಬಗೆಗಳು) ಎಂದು ಆರ್‌ಟಿಸಿಯಲ್ಲಿ ಏನೇ ಬರೆದಿದ್ದರೂ ಹರಿಯುವ ನೀರಿನ ಮೀನಿನ ಮೇಲೆ ಅದರಿಂದ ಹಕ್ಕು ಹುಟ್ಟುವುದಿಲ್ಲ. ನದಿ, ಜಲಾಶಯ, ಸರ್ಕಾರಿ ಕೆರೆಗಳ ಮೀನುಗಾರಿಕೆಯನ್ನು ನಡೆಸುವುದು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ. ಇಲಾಖೆ ಕೆಲವು ಕಡೆ ಗುತ್ತಿಗೆ ಕೊಡುತ್ತದೆ, ಕೆಲವು ಕಡೆ ಪರವಾನಗಿ ಕೊಡುತ್ತದೆ. ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ ಮೂರು ಪ್ರಶ್ನೆ ಕೇಳಿ: ಹೊಳೆಯ ಈ ಭಾಗ ಗುತ್ತಿಗೆಯಲ್ಲಿದೆಯೇ, ಗಾಳಕ್ಕೆ ಪರವಾನಗಿ ಸಿಗುತ್ತದೆಯೇ, ಈ ವರ್ಷದ ನಿಷೇಧದ ದಿನಾಂಕ ಯಾವುದು? ಉತ್ತರವನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದದ ಮೇಲೆ ಪಡೆಯಿರಿ. ದಾರಿಯಲ್ಲಿ ಗಾರ್ಡ್ ತಡೆದಾಗ ‘ಸಾಹೇಬರು ಹೇಳಿದ್ರು’ ಎಂಬ ಮಾತು ಕೆಲಸಕ್ಕೆ ಬರುವುದಿಲ್ಲ.

ಮಾರೋಕಲ್ಲ, ಹವ್ಯಾಸಕ್ಕೆ ಗಾಳ ಹಾಕ್ತೀನಿ. ಹಿಡಿದು ವಾಪಸ್ ಬಿಡ್ತೀನಿ. ಅದೂ ತಪ್ಪಾ?

ಎಲ್ಲಿ ಹಾಕುತ್ತೀರಿ ಎಂಬುದರ ಮೇಲಿದೆ. ಅಭಯಾರಣ್ಯದ ಹೊರಗೆ, ಪರವಾನಗಿ ಇದ್ದು, ನಿಷೇಧದ ತಿಂಗಳಲ್ಲದಿದ್ದರೆ ತೊಂದರೆಯಿಲ್ಲ. ವಾಲ್ನೂರು ಭಾಗದ ಕಾವೇರಿಯಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಇಲಾಖೆಯಿಂದ ಹಕ್ಕು ಪಡೆದು, ಹಿಡಿದು ಬಿಡುವ ಗಾಳಕ್ಕೆ ಪರವಾನಗಿ ಕೊಡುತ್ತಾ ಬಂದದ್ದು ಈ ದಾರಿಯಲ್ಲೇ. ಹೋಗುವ ಮೊದಲು ಆ ವ್ಯವಸ್ಥೆ ಈಗ ಯಾವ ರೂಪದಲ್ಲಿದೆ ಎಂದು ವಿಚಾರಿಸಿಕೊಳ್ಳಿ. ಅಭಯಾರಣ್ಯದ ಒಳಗಾದರೆ ‘ಬಿಟ್ಟೆ’ ಎಂಬ ಮಾತಿಗೆ ಬೆಲೆಯಿಲ್ಲ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ 27ನೇ ಕಲಂ ಅನುಮತಿಯಿಲ್ಲದ ಪ್ರವೇಶವನ್ನೂ, 29ನೇ ಕಲಂ ಅಲ್ಲಿನ ಯಾವುದೇ ವನ್ಯಜೀವಿಗೆ ಕೈ ಹಾಕುವುದನ್ನೂ ತಡೆಯುತ್ತವೆ. ಕಾವೇರಿ ವನ್ಯಜೀವಿಧಾಮದ ಭೀಮೇಶ್ವರಿ, ದೊಡ್ಡಮಕ್ಕಳಿ, ಗಾಳಿಬೋರೆಗಳಲ್ಲಿ ಹೆಸರುವಾಸಿಯಾಗಿದ್ದ ಗಾಳದ ಶಿಬಿರಗಳು ಕಳೆದ ದಶಕದ ಆರಂಭದಲ್ಲಿ ನಿಂತದ್ದು ಈ ಕಾಯ್ದೆಯ ಕಾರಣಕ್ಕೇ. ಅಲ್ಲೂ ಮೀನನ್ನು ವಾಪಸ್ ಬಿಡುತ್ತಿದ್ದರು.

ಕೊಡಗಿನಲ್ಲಿ ಎಲ್ಲೆಲ್ಲಿ ಗಾಳ ಹಾಕಲೇಬಾರದು?

ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಈ ಮೂರು ವನ್ಯಜೀವಿಧಾಮಗಳು ಮತ್ತು ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶ. ಇವುಗಳ ಒಳಗಿನ ಹೊಳೆ, ತೊರೆ, ಕೆರೆ ಎಲ್ಲವೂ ಸೇರಿ. ಮೀಸಲು ಅರಣ್ಯದಲ್ಲಿ ಅರಣ್ಯ ಕಾಯ್ದೆಯ ನಿರ್ಬಂಧ ಬೇರೆ ಇದೆ. ಅಣೆಕಟ್ಟಿನ ಗೇಟು ಮತ್ತು ಗೋಡೆಯ ಹತ್ತಿರ ನೀರಾವರಿ ನಿಗಮದ ತಡೆ ಇದೆ. ದೇವಸ್ಥಾನದ ಮಡುಗಳ ಮೀನಿಗಂತೂ ಊರೇ ಕಾವಲು. ಗಡಿಯಿಂದ ಸ್ವಲ್ಪ ಕೆಳಗೆ ಸುಳ್ಯ ತಾಲ್ಲೂಕಿನ ತೊಡಿಕಾನದಲ್ಲಿ, ಕಾವೇರಿಯುದ್ದಕ್ಕೆ ಇಳಿದರೆ ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ದೇವರ ಮೀನುಗಳಿವೆ. ಅವೂ ಮಹಶೀರ್ ಎಂಬ ದೊಡ್ಡ ಹೊಳೆಮೀನಿನ ಜಾತಿಯವೇ.

ಮಳೆಗಾಲದಲ್ಲಿ ಗದ್ದೆಗೆ ಹತ್ತಿದ ಮೀನು ಹಿಡಿಯೋದು ಅಜ್ಜನ ಕಾಲದಿಂದ ಇದೆ. ಅದೂ ಅಕ್ರಮಾನಾ?

ಇದಕ್ಕೆ ಹೌದು, ಇಲ್ಲ ಎಂಬ ಒಂದೇ ಮಾತಿನ ಉತ್ತರ ಕೊಟ್ಟರೆ ಸುಳ್ಳಾಗುತ್ತದೆ. ನಿಮ್ಮ ಗದ್ದೆಯೊಳಗೆ ಕೂಳಿ ಇಟ್ಟು ನಾಲ್ಕು ಕೊಯಿಲೆ ಮೀನು, ಒಂದಿಷ್ಟು ಏಡಿ ಹಿಡಿದವರ ಮೇಲೆ ಕೇಸು ಹಾಕಿಕೊಂಡು ಯಾರೂ ಕೂರುವುದಿಲ್ಲ, ಕೂರಬೇಕಾಗಿಯೂ ಇಲ್ಲ. ಆದರೆ ಜೂನ್ ಮಳೆಗೆ ಹೊಳೆಯಿಂದ ಮೇಲೆ ಹತ್ತುವ ಮೀನು ಹತ್ತುವುದು ಮೊಟ್ಟೆ ಇಡಲಿಕ್ಕೆ. ಹೊಳೆ ಗದ್ದೆಗೆ ಕೂಡುವ ಬಾಯಿಯಲ್ಲಿ ಅಡ್ಡಕ್ಕೆ ಬಲೆ ಕಟ್ಟಿದರೆ ಆ ವರ್ಷದ ಮರಿಗಳೇ ಹೋದವು. ಇಲಾಖೆ ಮಳೆಗಾಲದ ಮೊದಲ ತಿಂಗಳುಗಳಲ್ಲಿ ನಿಷೇಧ ಹೇರುವುದು ಇದಕ್ಕೇ. ಗಡಿಯಾಚೆ ಇದೇ ಹಿಡಿತಕ್ಕೆ ‘ಊತ್ತ’ ಎನ್ನುತ್ತಾರೆ. ಅಲ್ಲಿ 2010ರ ಕೇರಳ ಒಳನಾಡು ಮೀನುಗಾರಿಕೆ ಮತ್ತು ಜಲಕೃಷಿ ಕಾಯ್ದೆಯಡಿ ಅದಕ್ಕೆ ನಿಷೇಧವಿದೆ, ದಾಳಿಗಳೂ ನಡೆಯುತ್ತವೆ. ಕುಟ್ಟದಲ್ಲಿ ನೆಂಟರ ಮನೆಗೆ ಬಂದವರನ್ನು ಕರೆದುಕೊಂಡು ಕೇರಳದ ತೋಲ್ಪೆಟ್ಟಿ ಕಡೆಯ ಗದ್ದೆಗೆ ಟಾರ್ಚ್ ಹಿಡಿದು ಹೋಗುವವರು ಇದನ್ನು ನೆನಪಿಡಿ.

ನಮಗೆ ಕೋವಿ ಲೈಸೆನ್ಸ್ ವಿನಾಯಿತಿ ಇದೆಯಲ್ಲ, ಮೀನಿಗೆ ಗುಂಡು ಹೊಡೀಬಹುದಾ?

ಹೊಡೆಯುವಂತಿಲ್ಲ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಅದರಿಂದ ಯಾವ ಪ್ರಾಣಿಯನ್ನೂ ಕೊಲ್ಲುವ ಹಕ್ಕು ಬರುವುದಿಲ್ಲ. ಅಲ್ಲದೆ ನೀರಿನ ಮೇಲ್ಮೈಗೆ ಓರೆಯಾಗಿ ಬಿದ್ದ ಗುಂಡು ಚಿಮ್ಮಿ ಎದುರು ದಡದ ಲೈನ್‌ಮನೆಗೆ ಹೋಗಬಲ್ಲದು.

ಮಹಶೀರ್ ಬಗ್ಗೆ ಯಾಕಿಷ್ಟು ಗಲಾಟೆ? ಹಾರಂಗಿಯಲ್ಲಿ ಮರಿ ಮಾಡಿ ಬಿಡ್ತಾರಲ್ಲ?

ಕಾವೇರಿಯಲ್ಲಿ ಈಗ ಎರಡು ಬಗೆಯ ಮಹಶೀರ್ ಇವೆ. ನೀಲಿ ಛಾಯೆಯ ರೆಕ್ಕೆಯದು ಟಾರ್ ಖುದ್ರಿ. ಲೋನಾವಳದ ಟಾಟಾ ಮರಿ ಕೇಂದ್ರದಂಥ ಕಡೆ ಬೆಳೆಸಿ 1970ರ ದಶಕದಿಂದ ದೇಶದ ಹಲವು ನದಿಗಳಿಗೆ ಬಿಟ್ಟದ್ದು ಇದನ್ನೇ. ಇನ್ನೊಂದು ಕಾವೇರಿ ಕಣಿವೆಯದೇ ಆದ, ತಲೆಯ ಹಿಂದೆ ಎದ್ದ ಬೆನ್ನಿನ, ಕಿತ್ತಳೆ ಬಣ್ಣದ ಬಾಲದ ಟಾರ್ ರೆಮಾದೇವಿ. 1946ರಲ್ಲಿ ಕಬಿನಿಯಲ್ಲಿ ವ್ಯಾನ್ ಇಂಗೆನ್ ಎಂಬ ಗಾಳಗಾರ ಹಿಡಿದ 120 ಪೌಂಡಿನ, ಅಂದರೆ ಸುಮಾರು 54 ಕೆ.ಜಿ.ಯ ಮೀನು ಈ ಜಾತಿಯದೆಂದು ತಜ್ಞರು ಹೇಳುತ್ತಾರೆ. ಅಳಿವಿನಂಚಿನ ಜೀವಿಗಳ ಜಾಗತಿಕ ಪಟ್ಟಿ ಮಾಡುವ ಐಯುಸಿಎನ್ ಸಂಸ್ಥೆ 2018ರಲ್ಲಿ ಇದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ‘ಮರಿ ಬಿಡ್ತಾರಲ್ಲ’ ಎಂಬ ಸಮಾಧಾನ ಇಲ್ಲಿ ಎಡವುತ್ತದೆ. ಒಂದು ಜಾತಿಯ ಮರಿ ಎಷ್ಟು ಬಿಟ್ಟರೂ ಇನ್ನೊಂದು ಜಾತಿ ಉಳಿಯುವುದಿಲ್ಲ, ಜಾಗ ಮತ್ತು ಆಹಾರಕ್ಕೆ ಪೈಪೋಟಿ ಹೆಚ್ಚುತ್ತದೆ, ಅಷ್ಟೆ. ಜೊತೆಗೆ ಕಾಟ್ಲಾ, ರೋಹುಗಳಂತೆ ಲಕ್ಷಗಟ್ಟಲೆ ಮೊಟ್ಟೆ ಇಡುವ ಮೀನು ಇದಲ್ಲ. ಬೆಳೆದು ಪ್ರಾಯಕ್ಕೆ ಬರಲು ವರ್ಷಗಳು ಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ದೊಡ್ಡ ಮೀನುಗಳೆಲ್ಲ ಕೆಲವೇ ಆಳದ ಮಡುಗಳಲ್ಲಿ ಕೂಡಿಕೊಳ್ಳುತ್ತವೆ. ಅಲ್ಲಿ ಒಂದು ತೋಟೆ (ಸ್ಫೋಟಕ) ಸಿಡಿದರೆ ಮುಗಿಯಿತು.

ನಮ್ಮ ತೋಟದ ಕೆರೆಗೆ ನಾವೇ ಮರಿ ಬಿಟ್ಟಿದ್ದೀವಿ. ಅತಿಥಿಗಳಿಗೆ ಗಾಳ ಕೊಡಬಹುದಾ?

ಧಾರಾಳವಾಗಿ ಕೊಡಿ. ಇದು ಹೊಳೆಯ ಮೇಲಿನ ಒತ್ತಡ ಕಡಿಮೆ ಮಾಡುವ ಒಳ್ಳೆಯ ದಾರಿ. ಮೂರು ಎಚ್ಚರಿಕೆ ಇರಲಿ. ಕೋಡಿಗೆ ಕಬ್ಬಿಣದ ಜಾಲರಿ ಹಾಕಿ, ಮಳೆಗಾಲದಲ್ಲಿ ಎಲೆ ಕಸ ಸಿಕ್ಕಿ ಕಟ್ಟಿಕೊಳ್ಳದಂತೆ ದಿನಾ ತೆಗೆಯಿರಿ. ಕಟ್ಟಿಕೊಂಡರೆ ನೀರು ಏರಿಯ ಮೇಲೆ ಹರಿದು ಮೀನೆಲ್ಲ ಹೊಳೆ ಸೇರುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಬೇಡಿ, ದೇಶದಲ್ಲೇ 2000ದಿಂದ ಅದಕ್ಕೆ ನಿಷೇಧವಿದೆ. ಗಡಿಯಾಚೆಯಿಂದ ಡ್ರಮ್ಮಿನಲ್ಲಿ ಬರುವ ‘ವಿಶೇಷ’ ಮೀನಿನ ಮರಿಗಳಿಗೆ ಆಸೆ ಪಡಬೇಡಿ. 2018ರ ನೆರೆಯಲ್ಲಿ ಕೇರಳದ ಸಾಕಣೆ ಕೊಳಗಳಿಂದ ಅರಪೈಮಾ ಥರದ ದೈತ್ಯ ಮೀನುಗಳು ನದಿಗೆ ತಪ್ಪಿಸಿಕೊಂಡವು. ನಿಮ್ಮ ಕೆರೆಯ ಮೀನನ್ನು ಯಾರಾದರೂ ಕದ್ದರೆ ಅದು ನೇರವಾಗಿ ಕಳವು, ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ. ಹೊಳೆಯ ಮೀನಿಗೆ ಆ ಕಲಂ ಹೊಂದುವುದಿಲ್ಲ.

## ಗಡಿ ಮತ್ತು ಸರಹದ್ದು

ಕೇರಳ ಗಡಿಯ ಕೂಟುಪುಳ ಸೇತುವೆ ದಾಟಿದರೆ ಯಾವ ಕಾನೂನು ಬದಲಾಗುತ್ತೆ, ಯಾವುದು ಬದಲಾಗಲ್ಲ?

ಗಡಿ ವಿಷಯದಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಇದು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೀನುಗಾರಿಕೆ ರಾಜ್ಯ ಪಟ್ಟಿಯ 21ನೇ ಬಾಬತ್ತು. ಹಾಗಾಗಿ ಪರವಾನಗಿ, ನಿಷೇಧದ ತಿಂಗಳು, ಬಲೆಯ ಕಣ್ಣಿನ ಅಳತೆ, ದಂಡ ಎಲ್ಲವೂ ಸೇತುವೆ ದಾಟಿದ ಕೂಡಲೇ ಬದಲಾಗುತ್ತವೆ. ಕರ್ನಾಟಕದ ಪರವಾನಗಿ ಕೇರಳದ ಇರಿಟ್ಟಿಯಲ್ಲಿ ನಡೆಯದು, ಅಲ್ಲಿನದು ಕೊಡಗಿನ ಮಾಕುಟ್ಟದಲ್ಲಿ ನಡೆಯದು. ವನ್ಯಜೀವಿ ಕಾಯ್ದೆ, ಸ್ಫೋಟಕಗಳ ಕಾಯ್ದೆಗಳು, ಜಲಮಾಲಿನ್ಯದ ಕಾಯ್ದೆ, ಪೊಲೀಸರ ಕಾರ್ಯವಿಧಾನದ ನಾಗರಿಕ ಸುರಕ್ಷಾ ಸಂಹಿತೆ ಎರಡೂ ಕಡೆ ಒಂದೇ.

ಆದ್ದರಿಂದ ಗಡಿ ದಾಟಿದ ಪ್ರಕರಣದಲ್ಲಿ ಬರೀ ಮೀನುಗಾರಿಕೆ ಕಾಯ್ದೆಯಡಿ ದೂರು ಬರೆದರೆ ಅದು ಗಡಿಯಲ್ಲೇ ನಿಲ್ಲುತ್ತದೆ. ಬ್ರಹ್ಮಗಿರಿ ವನ್ಯಜೀವಿಧಾಮದೊಳಗೆ ಬಾರಪೊಳೆಯಲ್ಲಿ ಹಿಡಿದ ಮೀನು ಐಸ್ ಪೆಟ್ಟಿಗೆಯಲ್ಲಿ ಇರಿಟ್ಟಿ ತಲುಪಿದರೂ ವನ್ಯಜೀವಿ ಕಾಯ್ದೆ ಅದರ ಹಿಂದೆಯೇ ಹೋಗುತ್ತದೆ. ಆ ಹೊಳೆಯೂ ಮುಂದೆ ವಳಪಟ್ಟಣಂ ಆಗಿ ಆರಳಂ ವನ್ಯಜೀವಿಧಾಮದ ಸೀಮೆ ಹಾದೇ ಇಳಿಯುವುದು. ದೂರು ಬರೆಯುವಾಗ ‘ಪರವಾನಗಿ ಇಲ್ಲದೆ ಮೀನು ಹಿಡಿದರು’ ಎಂದಷ್ಟೇ ಬರೆಯದೆ, ಒಳನುಗ್ಗಿದ್ದು, ಸ್ಫೋಟಕ ಬಳಸಿದ್ದು, ವಿಷ ಹಾಕಿದ್ದು, ಯಾವುದು ನಡೆದಿದೆಯೋ ಅದನ್ನು ಹೆಸರಿಟ್ಟು ಬರೆಯಿರಿ.

ಕುಶಾಲನಗರ, ಕೊಪ್ಪ ಕಡೆ ಹೊಳೆಯೇ ಗಡಿ. ಗಾಳ ಹಾಕಿದವನು ಆ ದಡ, ಮೀನು ಈ ದಡ. ಯಾರ ಕೇಸು?

ಕಾವೇರಿಯ ಈಚೆ ಕೊಡಗು, ಆಚೆ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ರಾಜ್ಯ ಒಂದೇ ಆದ್ದರಿಂದ ಕಾಯ್ದೆಯ ಗೊಂದಲವಿಲ್ಲ, ಠಾಣೆ ಮತ್ತು ಕಚೇರಿಯ ಗೊಂದಲ ಮಾತ್ರ. ಆ ಮನುಷ್ಯ ನಿಂತ ಜಾಗ, ಗಾಳ ಬಿದ್ದ ಜಾಗ, ಮೀನು ಮೇಲೆ ಬಂದ ಜಾಗ ಮೂರನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನಿಂತಲ್ಲಿಯ ಸರ್ವೆ ನಂಬರ್, ಗ್ರಾಮದ ಹೆಸರು ಕಾಣುತ್ತದೆ. ಸ್ಕ್ರೀನ್‌ಶಾಟ್ ಜೊತೆಗೆ ಅಕ್ಷಾಂಶ ರೇಖಾಂಶಗಳನ್ನೂ ಬರೆದಿಡಿ, ಏಕೆಂದರೆ ದಟ್ಟ ಮರಗಳ ಕೆಳಗೆ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಆಚೀಚೆ ತೋರಿಸುವುದುಂಟು. ಹೊಳೆ ಗಡಿಯಾದಲ್ಲಿ ಅಷ್ಟು ಸಾಕು, ಜಿಲ್ಲೆ ಬದಲಾಗಲು. ಅಪರಾಧ ಯಾವ ಸರಹದ್ದಿನದೆಂದು ಖಚಿತವಾಗದಿದ್ದರೆ ಅಥವಾ ಎರಡರಲ್ಲೂ ಹರಡಿದ್ದರೆ ಎರಡರಲ್ಲಿ ಯಾವ ನ್ಯಾಯಾಲಯವಾದರೂ ವಿಚಾರಿಸಬಹುದು ಎಂದು ನಾಗರಿಕ ಸುರಕ್ಷಾ ಸಂಹಿತೆಯ 198ನೇ ಕಲಂ ಹೇಳುತ್ತದೆ.

ಆ ಕಡೆಯಿಂದ ರಾತ್ರಿ ಬಂದು ತೋಟೆ ಹಾಕಿ ಹೋಗ್ತಾರೆ. ಠಾಣೆಯಲ್ಲಿ ‘ನಮ್ಮ ಸರಹದ್ದಲ್ಲ’ ಅಂದ್ರೆ ಏನ್ ಮಾಡೋದು?

2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಸಂಜ್ಞೇಯ (ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ) ಅಪರಾಧದ ಮಾಹಿತಿಯನ್ನು, ಅದು ಎಲ್ಲೇ ನಡೆದಿರಲಿ, ಠಾಣೆ ತೆಗೆದುಕೊಳ್ಳಲೇಬೇಕು. ಜನರ ಮಾತಿನಲ್ಲಿ ಜೀರೋ ಎಫ್‌ಐಆರ್. ಫೋನು, ಇಮೇಲ್ ಥರದ ಮಾರ್ಗದಲ್ಲೂ ಮಾಹಿತಿ ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಇಲ್ಲಿ ದೂರಿನ ಭಾಷೆ ಮುಖ್ಯ. ‘ಮೀನು ಹಿಡಿದರು’ ಎಂದರೆ ಸಣ್ಣ ವಿಷಯವೆಂದು ಪಕ್ಕಕ್ಕೆ ಸರಿಸುತ್ತಾರೆ. ‘ಇಂಥ ದಿನ ಇಷ್ಟು ಗಂಟೆಗೆ ಇಂಥ ಮಡುವಿನಲ್ಲಿ ಸ್ಫೋಟ ಕೇಳಿಸಿತು, ಜೀಪಿನ ನಂಬರ್ ಇದು’ ಎಂದರೆ 1908ರ ಸ್ಫೋಟಕ ವಸ್ತುಗಳ ಕಾಯ್ದೆ ಎದುರಿಗೆ ಬರುತ್ತದೆ, ಅದು ಸಂಜ್ಞೇಯ. ಆಗಲೂ ತೆಗೆದುಕೊಳ್ಳದಿದ್ದರೆ ಅದೇ ಕಲಂನ ನಾಲ್ಕನೇ ಉಪಕಲಂ ಪ್ರಕಾರ ಬರಹದಲ್ಲಿ ಎಸ್‌ಪಿಗೆ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ.

ಸ್ಫೋಟ ಕೇಳಿದ ತಕ್ಷಣವಾದರೆ 112ಕ್ಕೆ ಕರೆ ಮಾಡಿ. ಆ ಕರೆಯ ಸಮಯ ದಾಖಲಾಗುವುದರಿಂದ ಮುಂದೆ ಅದೇ ಸಾಕ್ಷಿಯಾಗುತ್ತದೆ. ವಾಹನ ಮಾಕುಟ್ಟ, ಕುಟ್ಟ, ಕರಿಕೆ ಈ ಮೂರರಲ್ಲಿ ಯಾವ ದಾರಿಯಾಗಿ ಇಳಿಯುತ್ತದೆ ಎಂದು ಊಹಿಸಿ ಹೇಳಿದರೆ ಚೆಕ್‌ಪೋಸ್ಟಿನವರಿಗೆ ಕೆಲಸ ಸುಲಭ.

ಅಟ್ಟಿಸಿಕೊಂಡು ಹೋಗಿ ಗಡಿ ದಾಟಿ ಹಿಡಿಯಬಹುದಾ?

ಪೊಲೀಸರು ಹಿಡಿಯಬಹುದು. ನಾಗರಿಕ ಸುರಕ್ಷಾ ಸಂಹಿತೆಯ 45ನೇ ಕಲಂ ಅವರಿಗೆ ದೇಶದ ಯಾವ ಜಾಗಕ್ಕೂ ಬೆನ್ನಟ್ಟುವ ಅಧಿಕಾರ ಕೊಡುತ್ತದೆ. ಬೇರೆ ಠಾಣೆಯ ಸರಹದ್ದಿನಲ್ಲಿ ಶೋಧ ನಡೆಸುವ ಕ್ರಮ 186ನೇ ಕಲಂನಲ್ಲಿದೆ: ಅಲ್ಲಿನ ಠಾಣಾಧಿಕಾರಿಯನ್ನು ಕೋರಬೇಕು, ತಡವಾದರೆ ಸಾಕ್ಷಿ ನಾಶವಾಗುವಂತಿದ್ದರೆ ತಾವೇ ಶೋಧಿಸಿ ಅವರಿಗೆ ತಿಳಿಸಬಹುದು. ಅರಣ್ಯ ಸಿಬ್ಬಂದಿ ಆಚೆಯ ವಲಯ ಕಚೇರಿಗೆ ಫೋನ್ ಹಾಕಿ ವಾಹನ ತಡೆಸುವುದೇ ಜಾಣತನ. ಆರಳಂ, ತೋಲ್ಪೆಟ್ಟಿ ಕಚೇರಿಗಳ ನಂಬರ್ ಗಡಿಯ ಪ್ರತಿ ಕ್ಯಾಂಪಿನ ಗೋಡೆಯ ಮೇಲಿರಬೇಕು.

ಊರಿನವರು ಮಾತ್ರ ಬೆನ್ನಟ್ಟಲು ಹೋಗಬೇಡಿ. ಅದೇ ಸಂಹಿತೆಯ 40ನೇ ಕಲಂ ಸಾರ್ವಜನಿಕರಿಗೂ ಬಂಧಿಸುವ ಅಧಿಕಾರ ಕೊಟ್ಟಿದೆ ನಿಜ. ಆದರೆ ಕಣ್ಣೆದುರಿಗೆ ನಡೆದ, ಜಾಮೀನಿಲ್ಲದ ಸಂಜ್ಞೇಯ ಅಪರಾಧಕ್ಕೆ ಮಾತ್ರ, ಅದೂ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಮೀನುಗಾರಿಕೆಯ ತಪ್ಪುಗಳು ಹೆಚ್ಚಿನವು ಆ ಮಟ್ಟಕ್ಕೆ ಬರುವುದಿಲ್ಲ. ಕಟ್ಟಿಹಾಕಿ ನಾಲ್ಕು ಬಿಗಿದರೆ ಮರುದಿನ ಕೇಸು ಬೀಳುವುದು ನಿಮ್ಮ ಮೇಲೆ, ಮೂಲ ಪ್ರಕರಣವೂ ಅದರಲ್ಲೇ ಕೊಚ್ಚಿಹೋಗುತ್ತದೆ. ವಾಹನದ ನಂಬರ್, ಜನರ ಸಂಖ್ಯೆ, ಸಮಯ, ಹೋದ ದಿಕ್ಕು ಬರೆದುಕೊಳ್ಳಿ.

ಬರೀ ಕೇರಳದವರೇ ಅಲ್ವಾ ಇದನ್ನೆಲ್ಲ ಮಾಡೋದು?

ಅಲ್ಲ. ಯಾವ ಮಡುವಿನಲ್ಲಿ ಮೀನಿದೆ, ಯಾವ ಗೇಟಿಗೆ ಬೀಗವಿಲ್ಲ, ವಾಚರ್ ಯಾವಾಗ ಊಟಕ್ಕೆ ಹೋಗುತ್ತಾನೆ ಎಂಬುದು ಹೊರಗಿನವರಿಗೆ ತಾನಾಗಿ ಗೊತ್ತಾಗುವುದಿಲ್ಲ. ಬೆಂಗಳೂರಿನಿಂದ ಬರುವ ಗಾಳಗಾರರೂ ಇದ್ದಾರೆ, ಇಲ್ಲಿಂದ ಆ ಕಡೆಗೆ ಹೋಗುವವರೂ ಇದ್ದಾರೆ. ನಂಬರ್ ಪ್ಲೇಟು ನೋಡಿ ಅನುಮಾನ ಪಡುವವರ ಕಣ್ಣಿಗೆ ಪಕ್ಕದ ಮನೆಯ ಜೀಪು ಬೀಳುವುದಿಲ್ಲ.

ನಮ್ಮ ಹೋಂಸ್ಟೇ ಅತಿಥಿಗಳು ರಾಡ್ ತಂದಿದ್ದಾರೆ. ನಮ್ಮ ಮೇಲೂ ಕೇಸ್ ಬರುತ್ತಾ?

ರಾಡ್ ತಂದದ್ದಕ್ಕೆ ಬರುವುದಿಲ್ಲ. ಜಾಗ ತೋರಿಸಿದರೆ, ಜೀಪು ಕೊಟ್ಟರೆ, ಹುಡುಗನನ್ನು ಜೊತೆಗೆ ಕಳಿಸಿದರೆ ಪ್ರಚೋದನೆ, ಸಹಾಯದ ಆರೋಪ ಬರಬಹುದು. ಅಪರಾಧಕ್ಕೆ ಬಳಸಿದ ವಾಹನ ಜಪ್ತಿಯಾದರೆ ಬಿಡಿಸಿಕೊಳ್ಳುವುದಕ್ಕೆ ಅಲೆಯಬೇಕಾದ್ದು ಆರ್‌ಸಿ ಯಾರ ಹೆಸರಿನಲ್ಲಿದೆಯೋ ಅವರು. ಕೊಠಡಿಯಲ್ಲಿ ಒಂದು ನಕ್ಷೆ ತೂಗುಹಾಕಿ, ಗಾಳ ಹಾಕಬಾರದ ಹೊಳೆಯ ಭಾಗಕ್ಕೆ ಕೆಂಪು ಬಳಿಯಿರಿ. ಬುಕಿಂಗ್ ಪುಟದಲ್ಲಿ ‘ರಿವರ್ ಫಿಶಿಂಗ್’ ಎಂದು ಹಾಕಿದ್ದರೆ ಈಗಲೇ ತೆಗೆಯಿರಿ. ನಿಮ್ಮ ವಿರುದ್ಧದ ಮೊದಲ ಸಾಕ್ಷಿ ಅದೇ ಆಗುತ್ತದೆ.

## ತೋಟೆ, ವಿಷ, ಕರೆಂಟು

ಬೆಳಿಗ್ಗೆ ಎದ್ದು ನೋಡಿದ್ರೆ ಮೀನು ಸತ್ತು ತೇಲ್ತಿತ್ತು. ತೋಟೆಯಾ, ವಿಷಾನಾ, ಪಲ್ಪಿಂಗ್ ನೀರಾ? ಹೇಗೆ ಗೊತ್ತಾಗುತ್ತೆ?

ಮೀನಿಗಿಂತ ಮೊದಲು ಏಡಿ, ಸಿಗಡಿಗಳನ್ನು ನೋಡಿ. ಸ್ಫೋಟದ ಒತ್ತಡ ಹೆಚ್ಚಾಗಿ ಕೊಲ್ಲುವುದು ಮೈಯೊಳಗೆ ಗಾಳಿಚೀಲ ಇರುವ ಜೀವಿಗಳನ್ನು. ಏಡಿ, ಸಿಗಡಿಗೆ ಗಾಳಿಚೀಲವಿಲ್ಲ. ಮೀನು ಸತ್ತು, ಕಲ್ಲಿನಡಿಯ ಏಡಿ ಜೀವಂತವಾಗಿದ್ದರೆ ತೋಟೆಯ ಅನುಮಾನ ಗಟ್ಟಿ. ಒಂದು ಮೀನನ್ನು ಹೊಟ್ಟೆಯ ಉದ್ದಕ್ಕೆ ಸೀಳಿ ನೋಡಿ: ಬೆನ್ನುಮೂಳೆಯ ಕೆಳಗಿನ ಬಿಳಿ ಗಾಳಿಚೀಲ ಹರಿದು ಮುದುಡಿರುತ್ತದೆ, ಸುತ್ತ ರಕ್ತ ಹೆಪ್ಪುಗಟ್ಟಿರುತ್ತದೆ, ಕೆಲವೊಮ್ಮೆ ಬೆನ್ನುಮೂಳೆಯೇ ಮುರಿದಿರುತ್ತದೆ. ಹೊರಗಿನಿಂದ ಮೈ ಮೇಲೆ ಗಾಯವೇ ಕಾಣದಿರಬಹುದು. ಸಾವು ಒಂದೇ ಮಡುವಿಗೆ ಸೀಮಿತವಾಗಿರುತ್ತದೆ. ಗಾಳಿಚೀಲ ಒಡೆದ ಮೀನು ಹೆಚ್ಚಾಗಿ ಮುಳುಗಿ, ಕೊಳೆತು ಗಾಳಿ ತುಂಬಿಕೊಂಡ ಮೇಲೆ ಒಂದೆರಡು ದಿನ ಬಿಟ್ಟು ತೇಲುತ್ತದೆ. ಮೊದಲ ದಿನ ಕಂಡದ್ದೇ ಲೆಕ್ಕವೆಂದು ಬರೆದರೆ ನಷ್ಟ ಕಡಿಮೆಯಾಗಿ ಕಾಣುತ್ತದೆ. ಮೂರನೇ ದಿನ ಮತ್ತೆ ಹೋಗಿ ನೋಡಿ.

ಕೀಟನಾಶಕವಾದರೆ ಏಡಿ, ಸಿಗಡಿ, ನೀರಿನ ಹುಳಗಳು ಮೊದಲು ಸಾಯುತ್ತವೆ. ಸಾವು ಒಂದು ಜಾಗದಿಂದ ಶುರುವಾಗಿ ಕೆಳಕ್ಕೆ ಉದ್ದವಾಗಿ ಹರಡಿರುತ್ತದೆ. ಮೈಲುತುತ್ತವಾದರೆ ಕಿವಿರಿನ ಮೇಲೆ ಲೋಳೆ ದಪ್ಪಗೆ ಕಟ್ಟಿರುತ್ತದೆ. ಬ್ಲೀಚಿಂಗ್ ಪುಡಿಯಾದರೆ ಕಿವಿರು ಬಿಳಿಚಿಕೊಂಡು ಕ್ಲೋರಿನ್ ವಾಸನೆ ಇರುತ್ತದೆ, ಆದರೆ ಕೆಲವು ಗಂಟೆಗಳಲ್ಲೇ ಅದು ನೀರಿನಿಂದ ಹಾರಿಹೋಗುತ್ತದೆ. ಕಾರೆಕಾಯಿ ಜಜ್ಜಿ ಹಾಕುವ ಹಳೆಯ ಪದ್ಧತಿಯೂ ವಿಷವೇ. ಗಿಡದ್ದು ಎಂಬ ಕಾರಣಕ್ಕೆ ಕಾನೂನು ವಿನಾಯಿತಿ ಕೊಟ್ಟಿಲ್ಲ.

ಕಾಫಿ ಪಲ್ಪಿಂಗ್ ನೀರಿನದು, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವಾಗ ಬರುವ ನೀರಿನದು, ಬೇರೆ ಕಥೆ. ಕೊಯ್ಲಿನ ತಿಂಗಳುಗಳಲ್ಲಿ ಹೊಳೆಯೂ ಬತ್ತುತ್ತಾ ಇರುತ್ತದೆ. ಸಿಹಿ ಲೋಳೆಯ ನೀರು ಸೇರಿ ಕೊಳೆಯುವಾಗ ಆಮ್ಲಜನಕ ತೀರುತ್ತದೆ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ, ಏಡಿಗಳು ದಡ ಹತ್ತುತ್ತವೆ, ನೀರಿನಲ್ಲಿ ನೊರೆ ಮತ್ತು ಹುಳಿ ವಾಸನೆ. ನೇರವಾಗಿ ಗಾಳಿ ಉಸಿರಾಡಬಲ್ಲ ಕೊರವ ಮೀನಿನಂಥವು ಬದುಕಿಕೊಳ್ಳುತ್ತವೆ. ಇದಕ್ಕೆ ಹಿಡಿಯಬೇಕಾದ್ದು 1974ರ ಜಲಮಾಲಿನ್ಯ ಕಾಯ್ದೆಯ 24ನೇ ಕಲಂ, ಹೋಗಬೇಕಾದ್ದು ಮಾಲಿನ್ಯ ನಿಯಂತ್ರಣ ಮಂಡಳಿಗೆ. ಯಾರೋ ಗಡಿಯಾಚೆಯವರು ವಿಷ ಹಾಕಿದರು ಎಂದು ಎದ್ದ ಕೂಗು ಮೇಲಿನ ತೋಟದ ಪಲ್ಪರ್ ಗುಂಡಿಗೆ ಬಂದು ನಿಲ್ಲುವ ಸಾಧ್ಯತೆಯನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಸ್ಯಾಂಪಲ್ ಹೇಗೆ ತೆಗೆಯೋದು? ಲ್ಯಾಬಿನವರು ‘ಏನೂ ಸಿಗಲಿಲ್ಲ’ ಅಂತಾರೆ.

ಸಿಗದಿರುವುದಕ್ಕೆ ಸಾಮಾನ್ಯ ಕಾರಣ ತಡ, ಇನ್ನೊಂದು ಕಾರಣ ಬಾಟಲಿ. ಖಾಲಿ ಪೆಪ್ಸಿ ಬಾಟಲಿಯಲ್ಲಿ ತಂದ ನೀರು ಪ್ರಯೋಜನಕ್ಕಿಲ್ಲ. ಚೆನ್ನಾಗಿ ತೊಳೆದು ಒಣಗಿಸಿದ ಒಂದು ಲೀಟರಿನ ಗಾಜಿನ ಬಾಟಲಿಗಳು ಬೇಕು, ಕಂದು ಬಣ್ಣದ್ದಾದರೆ ಉತ್ತಮ. ಮೊದಲ ಸತ್ತ ಮೀನು ಕಂಡ ಜಾಗಕ್ಕಿಂತ ನೂರು ಮೀಟರ್ ಮೇಲೆ ಒಂದು, ಆ ಜಾಗದಲ್ಲಿ ಒಂದು, ಕೆಳಗೆ ಒಂದು. ಮೇಲಿನ ನೀರು ಶುದ್ಧವೆಂದು ತೋರಿಸದಿದ್ದರೆ ಕೆಳಗಿನದರಿಂದ ಏನೂ ಸಾಬೀತಾಗುವುದಿಲ್ಲ. ಬಾಯಿಯನ್ನು ಹರಿವಿಗೆ ಎದುರು ಹಿಡಿದು ನೀರಿನೊಳಗೇ ತುಂಬಿಸಿ, ಗಾಳಿ ಉಳಿಯದಂತೆ ಮುಚ್ಚಿ, ಐಸ್‌ನಲ್ಲಿಡಿ. ಕರಗಿದ ಆಮ್ಲಜನಕವನ್ನು ಮಾತ್ರ ಸ್ಥಳದಲ್ಲೇ ಅಳೆಯಬೇಕು, ಬಾಟಲಿ ಮಡಿಕೇರಿ ತಲುಪುವ ಹೊತ್ತಿಗೆ ಆ ಅಂಕಿ ಬದಲಾಗಿರುತ್ತದೆ.

ಮೀನಿನಲ್ಲಿ ಸತ್ತು ಊದಿದ್ದನ್ನು ಬಿಟ್ಟು, ಸಾಯುತ್ತಿರುವ ಅಥವಾ ಈಗಷ್ಟೇ ಸತ್ತ ನಾಲ್ಕೈದನ್ನು ಆರಿಸಿ. ಒಂದೊಂದನ್ನೂ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ ಐಸ್‌ನಲ್ಲಿಡಿ. ಒಂದು ದಿನಕ್ಕಿಂತ ತಡವಾಗುವಂತಿದ್ದರೆ ಅರ್ಧವನ್ನು ಫ್ರೀಜ್ ಮಾಡಿ. ವಿಷದ ಪರೀಕ್ಷೆಗೆ ಕಳಿಸುವ ಮೀನನ್ನು ಫಾರ್ಮಾಲಿನ್‌ನಲ್ಲಿ ಹಾಕಬಾರದು. ಕೋರ್ಟಿಗೆ ಹೋಗುವ ಮಾದರಿಯನ್ನು ಪೊಲೀಸರು ಅಥವಾ ಇಲಾಖೆಯವರೇ ಪಂಚರ ಎದುರು ಮೊಹರು ಹಾಕಿ ಕಳಿಸಬೇಕು. ನೀವು ತೆಗೆದದ್ದು ತನಿಖೆಗೆ ದಾರಿ ತೋರಿಸುತ್ತದೆ, ಅಷ್ಟಕ್ಕೂ ಅದು ಮುಖ್ಯವೇ.

ಮಡುವಿನ ಪಕ್ಕ ಸಿಡಿಯದ ತೋಟೆ ಬಿದ್ದಿದೆ. ತಂದು ಠಾಣೆಗೆ ಕೊಡಲಾ?

ಮುಟ್ಟಬೇಡಿ. ಒದ್ದೆಯಾದದ್ದು ಸತ್ತಿದೆ ಎಂದೇನಿಲ್ಲ. ದೂರ ಸರಿದು, ನಾಯಿ ಮಕ್ಕಳನ್ನು ತಡೆದು 112ಕ್ಕೆ ಹೇಳಿ.

ಇನ್ವರ್ಟರ್, ಬ್ಯಾಟರಿ ಇಟ್ಟು ಕರೆಂಟ್ ಹಿಡಿಯೋರಿದ್ದಾರೆ. ಮೀನು ಸಾಯಲ್ಲ, ಬರೀ ಮೂರ್ಛೆ ಹೋಗುತ್ತೆ ಅಂತಾರಲ್ಲ?

ಮೂರ್ಛೆ ಹೋದದ್ದನ್ನು ಹೆಕ್ಕುತ್ತಾರೆ, ಹೆಕ್ಕದೆ ಉಳಿದದ್ದರಲ್ಲಿ ಎಷ್ಟೋ ಬೆನ್ನುಮೂಳೆ ಮುರಿದು ಆಮೇಲೆ ಸಾಯುತ್ತವೆ. ಕರೆಂಟಿಗೆ ಸ್ನಾಯು ಒಮ್ಮೆಲೇ ಸೆಟೆಯುವ ರಭಸಕ್ಕೆ ಹೀಗಾಗುತ್ತದೆ. ದೊಡ್ಡ ಮೀನಿಗೆ ಪೆಟ್ಟು ಹೆಚ್ಚು. ಪಂಪ್‌ಸೆಟ್ ಲೈನಿನಿಂದ ನೇರ ತಂತಿ ಎಳೆದರೆ ಮನುಷ್ಯರೂ ಸಾಯುತ್ತಾರೆ. ಜಪ್ತಿ ಮಾಡುವವರು ಮೊದಲು ಬ್ಯಾಟರಿಯ ಕೊಂಡಿ ಬಿಚ್ಚಿಸಿ, ಆಮೇಲೆ ನೀರಿಗಿಳಿಯಬೇಕು.

## ಕೇಸು ಮತ್ತು ಕೋರ್ಟು

ಫೋಟೊ, ವಿಡಿಯೊ ಎಲ್ಲ ಇದೆ, ಅವರೇ ಇನ್‌ಸ್ಟಾಗ್ರಾಂಗೂ ಹಾಕಿದ್ದಾರೆ. ಇಷ್ಟು ಸಾಕಲ್ವಾ?

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ ಕೂಡಲೇ ತೆಗೆದ ಸಮಯ, ಸ್ಥಳದ ವಿವರ ಅಳಿಸಿಹೋಗುತ್ತದೆ. ಮೂಲ ಫೈಲು ಫೋನಿನಲ್ಲೇ ಇರಲಿ, ಫೋನ್ ಮಾರಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಫೈಲಿನ ಹ್ಯಾಶ್ ಮೌಲ್ಯ (ಫೈಲು ಬದಲಾಗಿಲ್ಲವೆಂದು ತೋರಿಸುವ ಸಂಕೇತ) ನಮೂದಿಸಿದ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಸಾಧನ ಇಟ್ಟುಕೊಂಡವರ ಸಹಿ, ಇನ್ನೊಂದಕ್ಕೆ ಪರಿಣತರ ಸಹಿ. ಇನ್‌ಸ್ಟಾಗ್ರಾಂ ಪೋಸ್ಟಿನಲ್ಲಿ ಮೀನು ಕಾಣುತ್ತದೆ, ಜಾಗ ಕಾಣುವುದಿಲ್ಲ. ಹಿನ್ನೆಲೆಯ ಬಂಡೆ, ಸೇತುವೆ, ತೂಗುಸೇತುವೆಯ ಗುರುತು ಹಿಡಿದು ಅದೇ ಕೋನದಲ್ಲಿ ನೀವು ತೆಗೆದ ಫೋಟೊ ಜೊತೆಗಿಟ್ಟರೆ ತೂಕ ಬರುತ್ತದೆ. ಪೋಸ್ಟ್ ಅಳಿಸುವ ಮುನ್ನ ಖಾತೆಯ ಹೆಸರು, ದಿನಾಂಕ, ವಿಳಾಸದ ಕೊಂಡಿ ಕಾಣುವಂತೆ ಉಳಿಸಿಕೊಳ್ಳಿ.

ಕೈಗೆ ಸಿಕ್ಕವರ ಕೇಸೂ ಬಿದ್ದುಹೋಗೋದು ಯಾಕೆ?

ಹೆಚ್ಚಿನವು ಮಹಜರಿನಲ್ಲೇ ಬೀಳುತ್ತವೆ. ‘ಹೊಳೆಯ ಹತ್ತಿರ ಮೀನು ಹಿಡಿಯುತ್ತಿದ್ದವರನ್ನು ಬಂಧಿಸಲಾಯಿತು’ ಎಂದು ಬರೆದರೆ ಯಾವ ಹೊಳೆ, ಅಭಯಾರಣ್ಯದ ಒಳಗೋ ಹೊರಗೋ ಎಂದು ವಕೀಲರು ಕೇಳುತ್ತಾರೆ. ಉತ್ತರವಿಲ್ಲ. ಸರಿಯಾದ ಮಹಜರಿನಲ್ಲಿ ಅಕ್ಷಾಂಶ ರೇಖಾಂಶ, ಹತ್ತಿರದ ಗಡಿಕಲ್ಲಿನ ಸಂಖ್ಯೆ ಮತ್ತು ದೂರ, ಸಮಯ, ರಾಡು ರೀಲುಗಳ ವಿವರ, ದಾರ ನೀರಿನಲ್ಲಿತ್ತೇ ಎಂಬುದು, ಕೊಕ್ಕೆಯಲ್ಲಿ ಇದ್ದ ಎರೆ ರಾಗಿ ಉಂಡೆಯೋ ಜೀವಂತ ಮೀನೋ ಎಂಬುದು, ಎಲ್ಲ ಇರಬೇಕು. ಜಪ್ತಿಯ ಆಡಿಯೊ ವಿಡಿಯೊ ದಾಖಲೆಯನ್ನು ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪೊಲೀಸರಿಗೆ ಕಡ್ಡಾಯ ಮಾಡಿದೆ. ಅರಣ್ಯದವರೂ ರೂಢಿ ಮಾಡಿಕೊಂಡರೆ ಲಾಭ ಅವರಿಗೇ.

ಮೀನಿನ ಜಾತಿ ಇನ್ನೊಂದು ತೂತು. ‘ದೊಡ್ಡ ಮೀನು 1’ ಎಂದು ಬರೆದ ಪಟ್ಟಿಗಳಿವೆ. ಅಳತೆಪಟ್ಟಿ ಪಕ್ಕದಲ್ಲಿಟ್ಟು ಎಡಬದಿಯ ಫೋಟೊ, ಬಾಲದ ಬಣ್ಣದ ಹತ್ತಿರದ ಫೋಟೊ, ಉದ್ದ, ತೂಕ, ರೆಕ್ಕೆಯ ಅಂಚಿನಿಂದ ಬೆರಳುಗುರಿನಷ್ಟು ತುಂಡು ಕತ್ತರಿಸಿ 95 ಶೇಕಡಾ ಎಥನಾಲ್‌ನಲ್ಲಿಟ್ಟರೆ ಡಿಎನ್‌ಎ ಪರೀಕ್ಷೆಗೂ ಸಾಕು. ಜೀವವಿದ್ದರೆ ಇಷ್ಟನ್ನೂ ಒದ್ದೆ ಕೈಯಲ್ಲಿ ಒಂದೆರಡು ನಿಮಿಷದಲ್ಲಿ ಮುಗಿಸಿ, ಮಹಜರಿನಲ್ಲಿ ಬರೆದು ಬಿಟ್ಟುಬಿಡಬೇಕು. ಸತ್ತದ್ದಾದರೆ ವಿಲೇವಾರಿಗೆ ಮ್ಯಾಜಿಸ್ಟ್ರೇಟರ ಆದೇಶ ಪಡೆಯಬೇಕು. ಜಪ್ತಿಯ ಮೀನು ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಕೋರ್ಟಿನಲ್ಲಿ ತಡವರಿಸುವಂತಾಗಬಾರದು.

ತೋಟೆಯ ಕೇಸಿಗೆ ಬೇರೆ ಅಡ್ಡಿಯಿದೆ. ಸ್ಫೋಟಕ ವಸ್ತುಗಳ ಕಾಯ್ದೆಯ 7ನೇ ಕಲಂ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟರ ಒಪ್ಪಿಗೆಯಿಲ್ಲದೆ ವಿಚಾರಣೆ ನಡೆಯದು. ಆ ಕಾಗದ ಕಡತದಲ್ಲಿ ಇಲ್ಲದೆ ನಿಂತ ಪ್ರಕರಣದ ಬಗ್ಗೆ ದೂರುದಾರರೇ ವಿಚಾರಿಸುತ್ತಿರಬೇಕು.

ಸಿಕ್ಕಿಬಿದ್ದರೆ ಶಿಕ್ಷೆ ಎಷ್ಟು?

ವನ್ಯಜೀವಿ ಕಾಯ್ದೆಯ ಸಾಮಾನ್ಯ ಉಲ್ಲಂಘನೆಗೆ 51ನೇ ಕಲಂ ಪ್ರಕಾರ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬರುವ ಮೊದಲು ಈ ದಂಡ 25 ಸಾವಿರವಿತ್ತು. ಅಭಯಾರಣ್ಯದಲ್ಲಿ ಬೇಟೆ ಎಂದು ಸಾಬೀತಾದರೆ ಕನಿಷ್ಠ 3, ಗರಿಷ್ಠ 7 ವರ್ಷ. ಹುಲಿ ಸಂರಕ್ಷಿತ ಪ್ರದೇಶದ ಒಳಭಾಗದಲ್ಲಿ ನಡೆದರೂ ಅಷ್ಟೇ ಸೆರೆ. ಬಳಸಿದ ವಾಹನ, ದೋಣಿ, ಸಲಕರಣೆ ಸರ್ಕಾರಕ್ಕೆ ಸೇರುತ್ತದೆ ಎಂದು 39ನೇ ಕಲಂ ಹೇಳುತ್ತದೆ. ಹವ್ಯಾಸಿಗಳು ಸೆರೆಗಿಂತ ಹೆಚ್ಚು ಹೆದರುವುದು ಇದಕ್ಕೆ, ಆಮದು ರೀಲಿನ ಬೆಲೆ ಅಂಥದ್ದು.

ಹಾಡಿಯವರು ಕಾಡಿನ ಹೊಳೆಯಲ್ಲಿ ಮೀನು ಹಿಡಿದರೆ ಸುಮ್ಮನಿರ್ತಾರೆ, ನಮಗೆ ಮಾತ್ರ ಕೇಸಾ?

ಸುಮ್ಮನಿರುತ್ತಾರೆ ಎಂಬುದೇ ಪೂರ್ತಿ ನಿಜವಲ್ಲ. ಹಕ್ಕಿನ ಮಾತಾದರೆ, 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಡಿ) ಕಲಂ ಮೀನು ಮತ್ತು ಜಲಮೂಲದ ಇತರ ಉತ್ಪನ್ನಗಳ ಸಮುದಾಯ ಬಳಕೆಯನ್ನು ಹಕ್ಕು ಎಂದೇ ಗುರುತಿಸಿದೆ. ಜೇನುಕುರುಬ, ಯರವ ಹಾಡಿಗಳು ಗ್ರಾಮಸಭೆಯ ಮೂಲಕ ಕೇಳಿ ಪಡೆಯಬಹುದಾದ ಹಕ್ಕು ಇದು. ಹಕ್ಕುಪತ್ರದಲ್ಲಿ ಯಾವ ಹೊಳೆ, ಯಾವ ಭಾಗ ಎಂದು ಹೆಸರಿಸಿಕೊಂಡರೆ ಮುಂದೆ ಜಗಳವಿಲ್ಲ. ತೋಟೆಗೂ ವಿಷಕ್ಕೂ ಅದು ಅನ್ವಯಿಸದು. ಹಾಡಿಯ ಹುಡುಗನಿಗೆ ದುಡ್ಡು ಕೊಟ್ಟು ಗಾಳ ಹಾಕಿಸುವ ಪ್ರವಾಸಿಗೂ ಅನ್ವಯಿಸದು.

ಇಲಾಖೆ ಸುಮ್ಮನೆ ಕೂತರೆ ನಾವೇ ಕೋರ್ಟಿಗೆ ಹೋಗಬಹುದಾ?

ಹೋಗಬಹುದು. ವನ್ಯಜೀವಿ ಕಾಯ್ದೆಯ 55ನೇ ಕಲಂ ಪ್ರಕಾರ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳುವುದು ಅಧಿಕಾರವಿರುವ ಅಧಿಕಾರಿಯ ದೂರಿನ ಮೇಲೆ, ಅಥವಾ ದೂರು ಕೊಡುವ ಉದ್ದೇಶವನ್ನು 60 ದಿನ ಮೊದಲೇ ನೋಟಿಸ್ ಮೂಲಕ ತಿಳಿಸಿದ ಯಾವುದೇ ವ್ಯಕ್ತಿಯ ದೂರಿನ ಮೇಲೆ. ಬರೀ ಪೊಲೀಸರ ದೋಷಾರೋಪ ಪಟ್ಟಿಯ ಮೇಲೆ ನಡೆದ ಪ್ರಕರಣಗಳು ಈ ಕಲಂಗೆ ಸಿಕ್ಕಿ ಬೀಳುವುದುಂಟು. ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ಅದರಲ್ಲಿ ದಿನಾಂಕ, ಜಾಗ, ಕಲಂ, ನಿಮ್ಮ ಬಳಿ ಇರುವ ಸಾಕ್ಷಿಯ ಪಟ್ಟಿ ಇರಲಿ. ಅಷ್ಟು ವಿವರವಿರುವ ನೋಟಿಸ್ ತಲುಪಿದ ಮೇಲೆ 60 ದಿನ ತುಂಬುವ ಮೊದಲೇ ಇಲಾಖೆಯೇ ದೂರು ದಾಖಲಿಸುವುದೂ ಉಂಟು. ಹಾಗಾದರೆ ನಿಮ್ಮ ಮೂಲ ಫೈಲುಗಳನ್ನು ಅವರ ತನಿಖಾಧಿಕಾರಿಗೆ ಸ್ವೀಕೃತಿ ಪಡೆದು ಒಪ್ಪಿಸಿ.